ಅತ್ತೆಯ ಗ್ಯಾರೇಜಿನಲ್ಲಿ ಕೆಂಪು ಕಾರು

ನಮ್ಮ ಗ್ರ್ಯಾಂಡ್‌ವ್ಯೂ ಊರಿನ ಐಸ್ ಹಾಕಿ ಅಂಗಳದ ಮಾಡು ಸೋರತೊಡಗಿದಾಗ ಅದರ ರಿಪೇರಿಗೆಂದು ಲಾಟರಿ ಇಟ್ಟರು. ನನ್ನ ಗಂಡ ಬೋಹ್ದಾನ್ ಮತ್ತು ಅವನ ಅಣ್ಣ ನೆಸ್ಟರ್ ಸೇರಿ ಒಂದೇ ಟಿಕೆಟ್ ಕೊಂಡರು. ತಲೆಗೊಂದು ಕೊಳ್ಳುವಷ್ಟು ಧಾರಾಳ ಇಬ್ಬರಿಗೂ ಇಲ್ಲ. ತೊಟ್ಟಿಲಿನಿಂದಲೂ ಒಂದು ಮಾತಿಗೂ ಒಪ್ಪದ ಅಣ್ಣತಮ್ಮಂದಿರು ಜೊತೆಯಾಗಿ ಮಾಡಿದ ಮೊದಲ ಕೆಲಸವೆಂದರೆ ಅದೇ ಇರಬೇಕು. ಆ ಟಿಕೆಟಿಗೇ ಮೊದಲ ಬಹುಮಾನ ಬಂದುಬಿಟ್ಟಿತು. ಕೆಂಪು ಬಣ್ಣದ, ಮಾಡನ್ನು ಕೈಯಿಂದಲೇ ಮಡಚುವ, ನೆಲಕ್ಕೆ ಹೊಟ್ಟೆ ತಾಗುತ್ತದೇನೋ ಅನ್ನಿಸುವಷ್ಟು ತಗ್ಗಿನ ಸ್ಪೋರ್ಟ್ಸ್ ಕಾರು. ಯಾರೋ ಸಾಹುಕಾರರು ಒಂದಷ್ಟು ಕಾಲ ಓಡಿಸಿ ಊರಿಗೆ ದಾನ ಕೊಟ್ಟದ್ದು. ಸೀಟು ಎರಡೇ.

ಮಾರಿ ದುಡ್ಡು ಹಂಚಿಕೊಳ್ಳಿ ಎಂದು ಊರೆಲ್ಲ ಹೇಳಿತು. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬನ ಕೈಗೆ ಕಾರು ಕೊಟ್ಟು ಇನ್ನೊಬ್ಬ ಮನೆಯಲ್ಲಿ ಕೂರಲೂ ತಯಾರಿರಲಿಲ್ಲ. ಹಾಗಾಗಿ ಆ ಬೇಸಿಗೆಯೆಲ್ಲ ಒಬ್ಬ ಓಡಿಸಿದರೆ ಇನ್ನೊಬ್ಬ ಪಕ್ಕದಲ್ಲಿ ಕಾವಲು. ಅರವತ್ತು ದಾಟಿದ ಎರಡು ಬೊಕ್ಕತಲೆಗಳು ಬಿಸಿಲಿಗೆ ಹೊಳೆಯುತ್ತ, ಗೋಧಿ ಹೊಲಗಳ ನಡುವೆ ಬೈದಾಡಿಕೊಂಡು ಸಾಗುವುದನ್ನು ನೋಡಲು ಜನ ಟ್ರ್ಯಾಕ್ಟರ್ ನಿಲ್ಲಿಸುತ್ತಿದ್ದರು. ನಾನೂ ನನ್ನ ಓರಗಿತ್ತಿ ಒಲೆಂಕಾಳೂ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದೆವು. ನಮಗೆ ಅದರಲ್ಲಿ ಅಷ್ಟೇ ಪಾಲು.

ಅಕ್ಟೋಬರ್ ಬಂತು. ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗತೊಡಗಿತು. ಇನ್ನು ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಉಪ್ಪು ತಾಗಿದರೆ ತಗಡು ತುಕ್ಕು ಹಿಡಿದು ಹೋಗುತ್ತದೆ. ಕಾರನ್ನು ವಸಂತದವರೆಗೆ ಮಲಗಿಸಬೇಕು ಎಂಬುದಕ್ಕೆ ಇಬ್ಬರೂ ಒಪ್ಪಿದರು. ಯಾರ ಮನೆಯಲ್ಲಿ ಎಂಬಲ್ಲಿ ಜಗಳ ಹತ್ತಿತು. ಕೊನೆಗೆ ನಮ್ಮತ್ತೆಯ ಗ್ಯಾರೇಜೇ ಗತಿಯಾಯಿತು. ಅತ್ತೆ ಪರಸ್ಕೇವಾಗೆ ಆಗ ಎಂಬತ್ತಾರು. ನಮ್ಮಿಬ್ಬರ ಮನೆಗಳ ನಡುವೆಯೇ ಅವರ ಮನೆ. ಮಾವ ತೀರಿಕೊಂಡ ಮೇಲೆ ಗ್ಯಾರೇಜಿನಲ್ಲಿ ಆಲೂಗಡ್ಡೆ ಮೂಟೆ, ಹುಳಿ ಬರಿಸಿದ ಕೋಸಿನ ಪೀಪಾಯಿ ಬಿಟ್ಟರೆ ಬೇರೇನೂ ಇರಲಿಲ್ಲ.

ಕಾರು ಮಲಗಿಸುವ ದಿನ ನಾನೂ ಹೋಗಿದ್ದೆ. ಹಸುಗೂಸಿಗೆ ಸ್ನಾನ ಮಾಡಿಸುವ ಹಾಗೆ ಇಬ್ಬರೂ ಅದನ್ನು ತೊಳೆದು, ಒರೆಸಿ, ಮೇಣ ಹಚ್ಚಿದರು. ಹಳೇ ಆಯಿಲ್ ಇಳಿಸಿ ಹೊಸದು ಹಾಕಿದರು. ಟ್ಯಾಂಕಿನಲ್ಲಿ ತೇವ ಕೂರದಿರಲೆಂದು ಪೆಟ್ರೋಲ್ ಕಂಠಮಟ್ಟ ತುಂಬಿಸಿ, ಅದು ಕೆಡದಿರಲೆಂದು ಯಾವುದೋ ಔಷಧಿ ಬೆರೆಸಿದರು. ಟೈರಿಗೆ ಗಾಳಿ ಜಾಸ್ತಿ ಹೊಡೆದರು. ಇಲಿ ನುಗ್ಗದ ಹಾಗೆ ಸೈಲೆನ್ಸರಿನ ಬಾಯಿಗೆ ಪಾತ್ರೆ ಉಜ್ಜುವ ಸ್ಟೀಲಿನ ನಾರು ತುರುಕಿದರು. ಇಷ್ಟರವರೆಗೆ ಪರವಾಗಿಲ್ಲ, ಸಣ್ಣಪುಟ್ಟ ಬೈಗುಳದಲ್ಲೇ ಮುಗಿಯಿತು. ಬ್ಯಾಟರಿಯ ಸರದಿ ಬಂದಾಗ ಶುರುವಾಯಿತು.

"ಬ್ಯಾಟರಿ ಬಿಚ್ಚಿ ನಮ್ಮನೆ ನೆಲಮಾಳಿಗೇಲಿ ಇಡ್ತೀನಿ," ಎಂದ ನೆಸ್ಟರ್.

"ಯಾಕೆ ಬಿಚ್ಚಬೇಕು? ಇಲ್ಲೇ ಚಾರ್ಜರ್ ಸಿಕ್ಕಿಸಿ ಬಿಟ್ರಾಯ್ತು."

"ನಿನ್ನ ಚಾರ್ಜರಿಗೆ ಬೆಂಕಿ ಹತ್ತಿಕೊಂಡ್ರೆ? ಪಕ್ಕದಲ್ಲೇ ಅಮ್ಮನ ಮನೆ ಇದೆಯಲ್ಲೋ."

"ಆಹಾ, ಅಮ್ಮನ ಮನೆ ಮೇಲೆ ಎಷ್ಟು ಪ್ರೀತಿ! ಹೋದ ವರ್ಷ ಅವಳ ಬಾಗಿಲ ಮುಂದಿನ ಹಿಮ ಎತ್ತು ಅಂದ್ರೆ ಸೊಂಟ ಹಿಡ್ಕೊಂಡು ಮಲಗಿದ್ದೆ."

"ಸೊಂಟ ನಿಜವಾಗ್ಲೂ ಹಿಡ್ಕೊಂಡಿತ್ತು!"

"ಬ್ಯಾಟರಿ ನಿನ್ಹತ್ರ ಇದ್ರೆ ಬೀಗದಕೈ ನನ್ಹತ್ರ. ಅಷ್ಟೇ."

ಹಾಗೆಯೇ ಒಪ್ಪಂದವಾಯಿತು. ಬ್ಯಾಟರಿ ಅಣ್ಣನ ಮನೆಗೆ, ಬೀಗದಕೈ ತಮ್ಮನ ಮನೆಗೆ. ಆದರೆ ಬೀಗದಕೈ ಇಟ್ಟುಕೊಂಡವನು ಬಾಗಿಲಿಗೆ ಬೀಗ ಹಾಕಿಬಿಟ್ಟರೆ ತನಗೆ ಒಳಗೆ ನೋಡಲಾಗುವುದಿಲ್ಲ ಎಂದು ನೆಸ್ಟರ್ ಹಟ ಹಿಡಿದದ್ದರಿಂದ ಕಾರಿನ ಬಾಗಿಲಿಗೆ ಬೀಗ ಹಾಕದೆ ಬಿಟ್ಟರು. ಮೇಲೆ ಹತ್ತಿಬಟ್ಟೆಯ ಹೊದಿಕೆ ಹೊದಿಸಿದರು. ಥಂಡಿಗೆ ರಬ್ಬರ್ ಬಿರುಕು ಬಿಡುತ್ತದೆಂದು ಒಂದು ಮೂಲೆಯಲ್ಲಿ ಕರೆಂಟಿನ ಹೀಟರನ್ನೂ ಇಟ್ಟರು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. "ಹಾಲ್ಯಾ," ಎಂದು ನನ್ನನ್ನು ಕರೆದರು. "ಹೋದ ಚಳಿಗಾಲ ಮನೆ ಸ್ವಲ್ಪ ಬೆಚ್ಚಗಿಡ್ರೋ ಅಂದ್ರೆ ಸ್ವೆಟರ್ ಹಾಕ್ಕೋ ಅಮ್ಮ ಅಂದ್ರು ಇಬ್ರೂ. ಈ ಕಾರಿಗೆ ಹೊದಿಕೆ, ಹೀಟರು, ಔಷಧಿ. ಮುಂದಿನ ಜನ್ಮ ಅಂತ ಇದ್ರೆ ನಾನು ಟೈರು ಹಾಕ್ಕೊಂಡೇ ಹುಟ್ತೀನಿ."

ಮಕ್ಕಳಿಬ್ಬರೂ ಕೇಳಿಸದವರ ಹಾಗೆ ಹೊದಿಕೆಯ ಅಂಚು ಎಳೆದು ಕಟ್ಟಿದರು.

*

ಫೆಬ್ರವರಿಯ ಒಂದು ಮಧ್ಯಾಹ್ನ. ಹೊರಗೆ ಮೂಗಿನ ಕೂದಲು ಗಟ್ಟಿಯಾಗುವಂಥ ಚಳಿ. ಕೋಸಿನೆಲೆಯ ಸುರುಳಿ ಮಾಡಿದ್ದೆ, ಒಂದು ಡಬ್ಬಿ ಅತ್ತೆಗೆ ಕೊಟ್ಟು ಬರೋಣವೆಂದು ಹೋದೆ. ಮನೆಯ ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಕೆಟಲ್ ಇನ್ನೂ ಬೆಚ್ಚಗಿತ್ತು. ಅತ್ತೆ ಇಲ್ಲ. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಎಲ್ಲೂ ಇಲ್ಲ. ಗೂಟದಲ್ಲಿ ಕೋಟು ಇಲ್ಲ, ಬೂಟೂ ಇಲ್ಲ. ಈ ಚಳಿಯಲ್ಲಿ ಎಂಬತ್ತಾರರ ಮುದುಕಿ ಎಲ್ಲಿಗೆ ಹೋದರು?

ಹಿತ್ತಲ ಬಾಗಿಲಿಗೆ ಬಂದು, "ಅತ್ತೇ!" ಎಂದು ಕೂಗಿದೆ.

ಗ್ಯಾರೇಜಿನಿಂದ ದನಿ ಬಂತು. "ಯಾರು, ಹಾಲ್ಯಾನಾ? ಒಬ್ಳೇ ಬಂದಿದೀಯಾ?"

ಓಡಿ ಹೋಗಿ ಗ್ಯಾರೇಜಿನ ಪಕ್ಕದ ಬಾಗಿಲು ತೆರೆದೆ. ಕಾರಿನ ಹೊದಿಕೆಯನ್ನು ರಜಾಯಿಯ ಹಾಗೆ ಮಡಚಿ ಬಾನೆಟ್ಟಿನ ಮೇಲಿಟ್ಟಿತ್ತು. ಕಾರಿನ ಮಾಡು ಹಿಂದಕ್ಕೆ ಮಡಚಿತ್ತು. ಸ್ಟೀರಿಂಗ್ ಹಿಂದೆ ತುಪ್ಪಳದ ಟೋಪಿ ಹಾಕಿಕೊಂಡು, ಎರಡೂ ಕೈಯಲ್ಲಿ ಚಕ್ರ ಹಿಡಿದು ಕೂತವರು ಪನಾಸ್ ಕೋಜುಬ್. ನಮ್ಮ ಬೀದಿಯ ಕೊನೆಯ ಮನೆಯವರು, ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಕೆಲಸದಲ್ಲಿದ್ದಷ್ಟು ದಿನವೂ ರಸ್ತೆಯ ಹಿಮ ಹೆರೆಯುವ ದೊಡ್ಡ ಯಂತ್ರ ಓಡಿಸಿದವರು. ಪಕ್ಕದ ಸೀಟಿನಲ್ಲಿ ನಮ್ಮತ್ತೆ. ಮೊಣಕಾಲ ಮೇಲೆ ಕಂಬಳಿ, ಕಂಬಳಿಯ ಮೇಲೆ ಬಿಚ್ಚಿದ ರಸ್ತೆ ನಕ್ಷೆ, ಕಾಲ ಬುಡದಲ್ಲಿ ಚಹದ ಫ್ಲಾಸ್ಕು, ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ.

"ಏನತ್ತೆ ಇದು!"

"ಮೊದ್ಲು ಬಾಗಿಲು ಹಾಕು, ಚಳಿ ನುಗ್ತಿದೆ."

"ಇಲ್ಲೇನು ಮಾಡ್ತಿದೀರಿ?"

"ಕೂತಿದೀವಿ. ಏಳೋಕಾಗ್ತಿಲ್ಲ, ಅದಕ್ಕೇ ಇನ್ನೂ ಕೂತಿದೀವಿ."

ಪನಾಸ್ ತಲೆ ತಗ್ಗಿಸಿ ಹೇಳಿದರು, "ನನ್ನ ಮಂಡಿ ಹಿಡ್ಕೊಂಡುಬಿಟ್ಟಿದೆ ಕಣಮ್ಮ. ದಿನಾ ನಾನು ಮೊದ್ಲು ಎದ್ದು ಇವಳನ್ನ ಎಳೀತಿದ್ದೆ. ಇವತ್ತು ನನ್ನನ್ನೇ ಎಳೆಯೋರಿಲ್ಲ. ಹಾರ್ನ್ ಒತ್ತಿ ಒತ್ತಿ ಸಾಕಾಯ್ತು, ಬಡ್ಕೊಳ್ಳೋದೇ ಇಲ್ಲ."

"ಬ್ಯಾಟರಿ ಭಾವನ ಮನೇಲಿದೆ."

"ಹಾಗಿದ್ರೆ ಅವನ ಮನೇಲಿ ಕೇಳಿಸಿರುತ್ತೆ ಬಿಡು," ಎಂದರು ಅತ್ತೆ.

ಅದೆಷ್ಟು ಹೊತ್ತು ಹಾಗೆ ಕೂತಿದ್ದರೋ. ನಾನು ಬೂಟುಗಾಲನ್ನು ಕಾರಿನ ಅಂಚಿಗೆ ಕೊಟ್ಟು, ಪನಾಸರ ಎರಡೂ ಕೈ ಹಿಡಿದು ಜಗ್ಗಿದೆ. ಒಂದೆರಡು ಸಲ ಅಲುಗಾಡಿ, ಗಟ್ಟಿ ನೆಲದಿಂದ ಗೆಣಸು ಕಿತ್ತ ಹಾಗೆ ಕಿತ್ತುಬಂದರು. ನಂತರ ಆಚೆ ಬದಿಗೆ ಹೋಗಿ ಅತ್ತೆಯ ಕೈ ಹಿಡಿದೆ.

"ಒಂದು, ಎರಡು..."

"ಎಣಿಸ್ತಾ ನಿಂತ್ಕೋಬೇಡ, ಎಳಿ!"

ಎಳೆದೆ. ಎದ್ದು ನಿಂತು ಸ್ಕರ್ಟ್ ಸರಿಮಾಡಿಕೊಂಡು, ಏನೂ ಆಗಿಯೇ ಇಲ್ಲವೆಂಬಂತೆ ಫ್ಲಾಸ್ಕಿನ ಮುಚ್ಚಳಕ್ಕೆ ಚಹ ಬಗ್ಗಿಸಿ ನನಗೇ ಕೊಟ್ಟರು.

"ಮಾತಾಡೋದಿದ್ರೆ ಮನೆ ಒಳಗೇ ಕೂತು ಮಾತಾಡಬಹುದಲ್ಲ ಅತ್ತೆ?"

"ಮನೇಲಿ ಕೂತ್ರೆ ನಿನ್ನ ಭಾವ ಬಾಗಿಲು ಬಡೀದೆ ನುಗ್ತಾನೆ. ಎದುರುಮನೆ ಪಾದ್ರಿ ಹೆಂಡ್ತಿ ಕಿಟಕಿ ಪರದೆ ಬಿಟ್ಟು ಅಲ್ಲಾಡಲ್ಲ. ಅದು ಬಿಡು. ಮನೇಲಿ ಎದುರುಬದುರು ಕೂತ್ರೆ ಇವನು ಮಂಡಿ ಅಂತಾನೆ, ನಾನು ಸೊಂಟ ಅಂತೀನಿ. ಅದು ಮುಗಿದ್ರೆ ಯಾರು ಸತ್ರು ಅನ್ನೋ ಮಾತು. ಕಾರಲ್ಲಿ ಕೂತ್ರೆ ಹಾಗಲ್ಲ. ಹೋಗ್ತಾ ಇರ್ತೀವಿ."

"ಎಲ್ಲಿಗೆ?"

"ವ್ಯಾಂಕೂವರಿಗೆ. ಸಮುದ್ರ ನೋಡೋಕೆ. ನಾನು ನೋಡಿಲ್ಲ, ಇವನೂ ನೋಡಿಲ್ಲ. ಇವತ್ತು ಸ್ಯಾಸ್ಕಟೂನ್ ದಾಟಬೇಕಿತ್ತು, ಇವನು ದಾರಿ ತಪ್ಪಿಸ್ಬಿಟ್ಟ."

"ನಾನಾ ತಪ್ಪಿಸಿದ್ದು?" ಪನಾಸ್ ಮಂಡಿ ತಿಕ್ಕುವುದನ್ನು ಬಿಟ್ಟು ತಲೆ ಎತ್ತಿದರು. "ನಕ್ಷೆ ತಲೆಕೆಳಗೆ ಹಿಡಿದವಳು ನೀನು ಪರಸ್ಕಾ. ಎಡಕ್ಕೆ ಅಂದೆ, ಎಡಕ್ಕೆ ತಿರುಗಿಸ್ದೆ."

"ನದಿ ಕಾಣಿಸ್ಲಿಲ್ವಾ ನಿನಗೆ ಮುಂದೆ?"

"ಎಲ್ಲಿ ನದಿ? ಎದುರಿಗೆ ಇರೋದು ಕೋಸಿನ ಪೀಪಾಯಿ!"

ನಾನು ಚಹ ಹಿಡಿದು ನಿಂತಲ್ಲೇ ನಕ್ಕೆ. ಅತ್ತೆಯೂ ಬಾಯಿಗೆ ತಲೆವಸ್ತ್ರದ ಅಂಚು ಅಡ್ಡ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ತೋಳು ಹಿಡಿದರು. "ಅವರಿಬ್ರಿಗೂ ಹೇಳ್ಬೇಡ ಕಣೆ. ಕಾರಿನ ಸೀಟು ಸವೀತು ಅಂತ ಒಬ್ಬ, ಜನ ಏನಂತಾರೆ ಅಂತ ಇನ್ನೊಬ್ಬ, ನನ್ನ ತಲೆ ತಿಂತಾರೆ."

ಈ ಮನೆಗೆ ಸೊಸೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅತ್ತೆ ನನಗೆ ಅಪ್ಪಣೆ ಕೊಟ್ಟಿದ್ದಾರೆ, ಬುದ್ಧಿ ಹೇಳಿದ್ದಾರೆ, ನನ್ನ ಬೋರ್ಷ್ಟ್ ಸಾರಿನಲ್ಲಿ ಬೀಟ್‌ರೂಟ್ ಕಮ್ಮಿ ಎಂದು ಪ್ರತಿ ಕ್ರಿಸ್‌ಮಸ್ಸಿಗೂ ತಪ್ಪದೆ ಹೇಳಿದ್ದಾರೆ. ಏನನ್ನಾದರೂ ಬೇಡಿಕೊಂಡಿದ್ದು ಅದೇ ಮೊದಲು. "ನಾನು ಏನೂ ನೋಡೇ ಇಲ್ಲ ಅತ್ತೆ," ಎಂದೆ.

ಅಲ್ಲಿಂದ ಮುಂದೆ ನನಗೊಂದು ಹೊಸ ಚಾಕರಿ ಅಂಟಿಕೊಂಡಿತು. ಅವರು ಪ್ರಯಾಣ ಹೊರಟ ದಿನ ಚಹದ ಹೊತ್ತಿಗೆ ಹೋಗಿ, ಬಾವಿಯಿಂದ ಕೊಡ ಸೇದುವ ಹಾಗೆ ಇಬ್ಬರನ್ನೂ ಒಬ್ಬೊಬ್ಬರಾಗಿ ಮೇಲೆತ್ತುವುದು. ಎತ್ತುವ ಮುಂಚೆ ಎಲ್ಲಿಗೆ ಮುಟ್ಟಿದಿರಿ ಎಂದು ಕೇಳುವುದು. ಎಡ್ಮಂಟನ್‌ನಲ್ಲಿ ಟ್ರಾಫಿಕ್ ವಿಪರೀತ ಎಂದು ಒಂದು ದಿನ ಪನಾಸ್ ಸುಸ್ತಾಗಿ ಹೇಳಿದರು. ಕಾರು ಒಂದಂಗುಲ ಜರುಗಿರಲಿಲ್ಲ, ಅವರ ಹಣೆಯಲ್ಲಿ ನಿಜವಾಗಿಯೂ ಬೆವರಿತ್ತು.

*

ನಾನು ಎಷ್ಟೇ ಗುಡಿಸಿದರೂ ಸೂರ್ಯಕಾಂತಿಯ ಸಿಪ್ಪೆ ಒಂದೆರಡು ಉಳಿದೇ ಬಿಡುತ್ತಿತ್ತು. ಮಾರ್ಚಿನಲ್ಲಿ ಅಣ್ಣತಮ್ಮಂದಿರು ಕಾರು ನೋಡಲು ಹೋದಾಗ ಅದು ಕಣ್ಣಿಗೆ ಬಿತ್ತು. ಇಬ್ಬರೂ ನಮ್ಮನೆ ಅಡುಗೆಮನೆಗೆ ಬಂದು ಮೇಜಿನ ಮೇಲೆ ಸಿಪ್ಪೆ ಇಟ್ಟು ಪಂಚಾಯಿತಿ ಹೂಡಿದರು.

"ನಾನಿಲ್ದಾಗ ಕಾರಲ್ಲಿ ಕೂತು ಬೀಜ ತಿಂದಿದೀಯ," ಎಂದ ನೆಸ್ಟರ್.

"ನನಗೆ ಕಟ್ಟಿಸಿದ ಹಲ್ಲು ಕಣೋ, ಬೀಜ ಹೇಗೆ ಕಡೀಲಿ? ತಿಂದಿರೋನು ನೀನೇ. ಸೀಟು ಬೇರೆ ಹಿಂದಕ್ಕೆ ತಳ್ಳಿದೆ. ನಿನ್ನ ಹೊಟ್ಟೆಗೆ ಜಾಗ ಸಾಲ್ಲಿಲ್ವಾ?"

"ನನ್ನ ಹೊಟ್ಟೆ ಸುದ್ದಿಗೆ ಬರಬೇಡ."

"ಬರ್ತಿಲ್ಲ, ಅದೇ ಎಲ್ಲಾ ಕಡೆ ಮೊದ್ಲು ಬರ್ತಿದೆ."

ನಾನು ಅವರಿಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತಿದ್ದೆ. ಭುಜ ಅಲುಗದ ಹಾಗೆ ನಗುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಜಗಳ ಬೆಳೆದು ಕೊನೆಗೆ ನೆಸ್ಟರನೇ ಹೇಳಿದ, "ಇಲಿ ಇರಬೇಕು." ಇಲಿ ಎಂದ ಕೂಡಲೇ ಇಬ್ಬರಿಗೂ ಜೀವ ಬಂದಂತಾಯಿತು. ಒಬ್ಬರನ್ನೊಬ್ಬರು ಅನುಮಾನಿಸುವುದಕ್ಕಿಂತ ಇಲಿಯನ್ನು ಅನುಮಾನಿಸುವುದು ಸುಲಭ.

ಆದರೆ ಅವರ ಬುದ್ಧಿ ನೋಡಿ. ಇಬ್ಬರೂ ಕೂತು ಮಾತಾಡಿ ಬೋನು ಇಡಬೇಕೋ ಬೇಡವೋ? ಆ ಸಂಜೆ ನೆಸ್ಟರ್ ಒಬ್ಬನೇ ಹೋಗಿ ಸೀಟುಗಳ ಕೆಳಗೆ ಕಟಕ್ಕೆಂದು ಬಡಿಯುವ ಬೋನುಗಳನ್ನು ಇಟ್ಟು ಬಂದ. ಮರುದಿನ ಬೆಳಗ್ಗೆ ಬೋಹ್ದಾನ್ ಒಬ್ಬನೇ ಹೋಗಿ, ತನ್ನ ಬೋನಿಡಲು ಸೀಟಿನ ಕೆಳಗೆ ಕೈ ಹಾಕಿದ. ಅವನ ಕೂಗು ನಮ್ಮನೆಯವರೆಗೆ ಕೇಳಿಸಿತು. ಎರಡು ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ನೋವಿನ ಉರಿಯಲ್ಲಿ ತನ್ನ ಬೋನುಗಳನ್ನೂ ಅಲ್ಲೇ ಇಟ್ಟು ಬಂದನೇ ಹೊರತು ಅಣ್ಣನಿಗೆ ಸುದ್ದಿ ಹೇಳಲಿಲ್ಲ. ಮಧ್ಯಾಹ್ನ ಇಲಿ ಬಿತ್ತಾ ಎಂದು ನೋಡಲು ಹೋದ ನೆಸ್ಟರನ ಹೆಬ್ಬೆರಳು ತಮ್ಮನ ಬೋನಿನಲ್ಲಿ ಸಿಕ್ಕಿಕೊಂಡಿತು.

ಅತ್ತೆ ಇಬ್ಬರನ್ನೂ ಕರೆಸಿ ತಮ್ಮ ಅಡುಗೆಮನೆಯಲ್ಲಿ ಕೂರಿಸಿ ಬೆರಳುಗಳಿಗೆ ಬಟ್ಟೆ ಸುತ್ತಿದರು.

"ನನ್ನ ಗ್ಯಾರೇಜಲ್ಲಿ ಇಲಿ ಇಲ್ಲ. ಇರೋದು ಎರಡು ಕತ್ತೆ. ಇವತ್ತೇ ಎಲ್ಲಾ ಬೋನು ತೆಗೀರಿ."

"ಸಿಪ್ಪೆ ಎಲ್ಲಿಂದ ಬಂತಮ್ಮ ಹಾಗಾದ್ರೆ?"

"ಆಕಾಶದಿಂದ. ಬೆರಳು ನೆಟ್ಟಗೆ ಹಿಡಿ."

ಬೋನು ತೆಗೆದರು. ಆದರೆ ಇಲಿಯ ಭಯ ಇಬ್ಬರ ತಲೆಯಿಂದಲೂ ಹೋಗಲಿಲ್ಲ. ಸುಮ್ಮನೆ ಕೂರುವ ಜಾತಿಯೂ ಅವರದಲ್ಲ. ಅದು ಗೊತ್ತಾದದ್ದು ಆಮೇಲೆ.

*

ಏಪ್ರಿಲ್ ಕೊನೆಗೆ ಹಿಮ ಕರಗಿತು. ಎರಡು ಸಲ ಜೋರು ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋಯಿತು. ಒಂದು ಭಾನುವಾರ ಚರ್ಚ್ ಮುಗಿಸಿ ಬಂದು ಕಾರು ಎಬ್ಬಿಸುವುದೆಂದು ತೀರ್ಮಾನವಾಯಿತು. ನೆಸ್ಟರ್ ಬ್ಯಾಟರಿ ಹೊತ್ತು ತಂದ. ಬೋಹ್ದಾನ್ ಬೀಗದಕೈಯನ್ನು ಬೆರಳಿಗೆ ಸುತ್ತಿಕೊಂಡು ಬಂದ. ನಾನೂ ಒಲೆಂಕಾಳೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ಇದನ್ನು ತಪ್ಪಿಸಿಕೊಳ್ಳುವುದುಂಟೇ?

ಹೊದಿಕೆ ತೆಗೆದರು. ಸೈಲೆನ್ಸರಿನ ಬಾಯಿಂದ ಸ್ಟೀಲಿನ ನಾರು ಎಳೆದರು. ಆಯಿಲ್ ನೋಡಿದರು, ಟೈರಿನ ಜಾಸ್ತಿ ಗಾಳಿ ಬಿಟ್ಟರು, ಬ್ರೇಕು ಒತ್ತಿ ಒತ್ತಿ ನೋಡಿದರು, ಬ್ಯಾಟರಿ ಜೋಡಿಸಿದರು. ಬೀಗದಕೈ ಯಾರು ತಿರುಗಿಸುವುದೆಂದು ನಾಣ್ಯ ಚಿಮ್ಮಿದರು. ಬೋಹ್ದಾನ್ ಗೆದ್ದ. ತಿರುಗಿಸಿದ.

ಕಾರು ಒಂದೆರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದ. ಮತ್ತೆ ಕೆಮ್ಮು, ಮತ್ತೆ ಮೌನ.

"ಬ್ಯಾಟರಿ ಸರಿಯಾಗಿ ನೋಡ್ಕೊಂಡಿಲ್ಲ ನೀನು."

"ಬ್ಯಾಟರಿ ಸತ್ತಿದ್ರೆ ತಿರುಗ್ತಾನೇ ಇರ್ಲಿಲ್ಲ. ಇದು ಉಸಿರು ಕಟ್ಟಿರೋ ಕೆಮ್ಮು. ಗಾಳಿ ಹೋಗ್ತಿಲ್ಲ." ನೆಸ್ಟರ್ ಬಾನೆಟ್ ಎತ್ತಿ ಬಗ್ಗಿದ. ನಂತರ ಇಂಜಿನ್ ಉಸಿರೆಳೆಯುವ ಕೊಳವೆಯೊಳಗಿಂದ ಮೊಳದುದ್ದದ ಕಂದು ಬಣ್ಣದ ಏನನ್ನೋ ಎಳೆದು ಹಿಡಿದ. "ಏನೋ ಇದು?"

ನನ್ನ ಗಂಡನ ಕಿವಿ ಕೆಂಪಗಾಯಿತು. "ಇಲಿ ಹೋಗ್ಬಾರ್ದು ಅಂತ... ಬೋನು ತೆಗೆದ ದಿನ..."

ನಾನು ಕುರ್ಚಿಯಿಂದ ಎದ್ದೆ. "ಅದು ನನ್ನ ಉಣ್ಣೆ ಕಾಲ್ಚೀಲ!"

"ಒಂಟಿ ಇತ್ತು ಕಣೆ, ಜೊತೆ ಕಳೆದುಹೋಗಿತ್ತು ಅಂದ್ಕೊಂಡೆ."

"ನೀನು ತೆಗೆದ್ಮೇಲೇ ಅದು ಒಂಟಿಯಾಗಿದ್ದು!"

ನೆಸ್ಟರನಿಗೆ ಖುಷಿಯೋ ಖುಷಿ. ತಮ್ಮನ ದಡ್ಡತನವನ್ನು ಬೀದಿಗೆ ಕೇಳುವ ಹಾಗೆ ವರ್ಣಿಸಿದ. ಎಲ್ಲ ಮುಗಿಸಿ ತಾನೇ ಸೀಟಿನಲ್ಲಿ ಕೂತು ಬೀಗದಕೈ ತಿರುಗಿಸಿದ. ಈ ಸಲ ಇಂಜಿನ್ ಹಿಡಿದುಕೊಂಡಿತು, ಗುರ್ರೆಂದಿತು, ಅದರ ಹಿಂದೆಯೇ ಹಿಂಬದಿಯಿಂದ ಢಂ ಎಂದು ಸದ್ದಾಗಿ ಸೈಲೆನ್ಸರಿನ ಆಳದಿಂದ ಬಟ್ಟೆ ಸುತ್ತಿದ ಒಂದು ಉಂಡೆ ಹಾರಿ ಆಲೂಗಡ್ಡೆ ಮೂಟೆಗೆ ಬಡಿಯಿತು. ಅದರೊಳಗಿಂದ ಬಿಳೀ ಗುಳಿಗೆಗಳು ನೆಲದ ತುಂಬ ಉರುಳಿದವು. ಬಟ್ಟೆಗೆ ನುಸಿ ಹಿಡಿಯದಿರಲೆಂದು ಪೆಟ್ಟಿಗೆಯಲ್ಲಿ ಹಾಕುತ್ತಾರಲ್ಲ, ಅವು.

ಈಗ ಕಿವಿ ಕೆಂಪಗಾಗುವ ಸರದಿ ಅಣ್ಣನದು. ಒಲೆಂಕಾ ಮೆಲ್ಲಗೆ ಹೇಳಿದಳು, "ನನ್ನ ಕೋಟಿನ ಪೆಟ್ಟಿಗೆಗೆ ನುಸಿ ಯಾಕೆ ಬಂತು ಅಂತ ಇವತ್ತು ಗೊತ್ತಾಯ್ತು."

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರು ಮಾತ್ರ ಹದವಾಗಿ ಗುರುಗುಟ್ಟುತ್ತಿತ್ತು.

ಆಗಲೇ ಅತ್ತೆ ಮನೆಯಿಂದ ಹೊರಗೆ ಬಂದರು. ಈಸ್ಟರಿಗೆ ಹಾಕುವ ಒಳ್ಳೆಯ ಕೋಟು, ಹೂವಿನ ತಲೆವಸ್ತ್ರ, ಕೈಯಲ್ಲಿ ಪರ್ಸು. ಅವರ ಹಿಂದೆ ಪನಾಸ್, ಇಸ್ತ್ರಿ ಮಾಡಿದ ಸೂಟು, ಟೋಪಿ. ಇಬ್ಬರೂ ನೆಟ್ಟಗೆ ಕಾರಿನ ಬಳಿಗೆ ಬಂದರು.

"ಏಳು ನೆಸ್ಟರ್," ಎಂದರು ಅತ್ತೆ. "ಪನಾಸ್ ಓಡಿಸ್ತಾನೆ."

"ಯಾರು? ಎಲ್ಲಿಗೆ? ಅಮ್ಮ, ಅವರಿಗೆ ಈ ಕಾರು ಅಭ್ಯಾಸ ಇಲ್ಲ!"

"ನಿಮ್ಮಿಬ್ರಿಗಿಂತ ಜಾಸ್ತಿ ಹೊತ್ತು ಕೂತಿದಾನೆ ಇದ್ರಲ್ಲಿ. ಸೀಟು ಹಿಂದಕ್ಕೆ ತಳ್ಳಿದ್ದು ಅವನ ಮಂಡಿಗೆ. ಸಿಪ್ಪೆ ನಂದು. ಇನ್ನೇನಾದ್ರೂ ಕೇಳೋದಿದ್ಯಾ?"

ಬೋಹ್ದಾನ್ ನನ್ನತ್ತ ತಿರುಗಿದ. ನಾನು ಒಲೆಂಕಾಳ ಶಾಲಿನ ಅಂಚು ನೋಡುತ್ತ ಕೂತೆ.

"ಪನಾಸ್ ಅವರ ಲೈಸೆನ್ಸು..." ಎಂದು ನೆಸ್ಟರ್ ಕೊನೆಯ ದಾರಿ ಹುಡುಕಿದ. ಪನಾಸ್ ಜೇಬಿನಿಂದ ಲೈಸೆನ್ಸು ತೆಗೆದು ಬಾನೆಟ್ಟಿನ ಮೇಲೆ ಸದ್ದಿಲ್ಲದೆ ಇಟ್ಟರು.

"ಎಲ್ಲಿಗಮ್ಮ ಹೋಗ್ತೀರಿ?"

"ಪಶ್ಚಿಮಕ್ಕೆ," ಎಂದು ಅತ್ತೆ ಕೆಳಗೆ ಜಾರಿ ಕೂತು ನಕ್ಷೆ ಬಿಚ್ಚಿದರು.

*

ಮಾಡು ಮಡಚಿದ ಕೆಂಪು ಕಾರು ಹೆದ್ದಾರಿ ಹತ್ತಿತು. ಅದರ ಹಿಂದೆ ನೆಸ್ಟರನ ಪಿಕಪ್ ಟ್ರಕ್ಕು. ಟ್ರಕ್ಕಿನಲ್ಲಿ ಅಣ್ಣತಮ್ಮಂದಿರು, ಅವರ ನಡುವೆ ನಾನು. ಒಲೆಂಕಾ ಬರಲಿಲ್ಲ, ನೆಲಕ್ಕೆ ಚೆಲ್ಲಿದ ಗುಳಿಗೆ ಆರಿಸಿ ಪೆಟ್ಟಿಗೆಗೆ ಹಾಕುತ್ತೇನೆಂದು ಉಳಿದಳು.

ಪನಾಸ್ ಬದುಕಿನಲ್ಲಿ ಓಡಿಸಿದ್ದೆಲ್ಲ ಹಿಮ ಹೆರೆಯುವ ಯಂತ್ರ. ಅದರ ನಡಿಗೆಯೇ ಅವರಿಗೆ ನಡಿಗೆ. ಗುಂಡಿನಂತೆ ನುಗ್ಗಬೇಕಾದ ಕಾರು ಗಬ್ಬದ ಹಸುವಿನ ಹಾಗೆ ಹೊರಟಿತು. ನೆಸ್ಟರ್ ಗಾಬರಿಯಲ್ಲಿ ದೀಪ ಉರಿಸಿಕೊಂಡೇ ಹಿಂಬಾಲಿಸಿದ. ನಮ್ಮನ್ನು ದಾಟಲಾಗದೆ ಹಿಂದೆ ಇನ್ನೊಂದು ಗಾಡಿ ಸೇರಿತು, ಮತ್ತೊಂದು, ಮಗದೊಂದು. ಭಾನುವಾರ, ಮುಂದೆ ಸೂಟು ಹಾಕಿದ ಮುದುಕ, ಹಿಂದೆ ದೀಪ ಉರಿಸಿದ ಗಾಡಿಗಳ ಸಾಲು. ಎದುರಿಂದ ಬರುವವರಿಗೆ ಏನನ್ನಿಸಬೇಕು? ಒಬ್ಬೊಬ್ಬರಾಗಿ ರಸ್ತೆಯ ಅಂಚಿಗೆ ಗಾಡಿ ನಿಲ್ಲಿಸತೊಡಗಿದರು. ಹೊಲದಲ್ಲಿದ್ದ ರೈತನೊಬ್ಬ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತ.

"ಹಗಲಲ್ಲಿ ದೀಪ ಹಚ್ಚಿರೋದು ನೋಡಿ ಸಾವಿನ ಮೆರವಣಿಗೆ ಅಂದ್ಕೊಂಡಿದಾರೆ," ಎಂದ ಬೋಹ್ದಾನ್.

"ಯಾರು ಸತ್ತಿದ್ದು ಅಂತ?"

"ನಾವಿಬ್ರೇ ಇರಬೇಕು."

ಮುಂದಿನ ಕಾರಿನಲ್ಲಿ ಅತ್ತೆ ಆ ರೈತನಿಗೆ ರಾಣಿಯಂತೆ ಕೈ ಬೀಸಿದರು. ಪಾಪ, ಅವನು ಬೆಚ್ಚಿ ಟೋಪಿ ಕೆಳಗೆ ಬೀಳಿಸಿದ. ಅತ್ತೆ ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿರುವುದು ನಮಗೆ ಹಿಂದಿನಿಂದ ಕಾಣಿಸಿತು. ಗಾಳಿಗೆ ತಲೆವಸ್ತ್ರ ಜಾರಿ ಬಿಳಿ ಕೂದಲು ಹಾರುತ್ತಿತ್ತು. ನೆಸ್ಟರ್ ಸ್ಟೀರಿಂಗಿನ ಮೇಲೆ ಮುಂದಕ್ಕೆ ಬಾಗಿ, "ಅಮ್ಮನ ಕೂದಲು ಇಷ್ಟು ಉದ್ದ ಇದೆ ಅಂತ ಗೊತ್ತೇ ಇರ್ಲಿಲ್ಲ," ಎಂದ. "ನನಗೂ," ಎಂದು ತಮ್ಮ ಒಪ್ಪಿದ.

ರಾಬ್ಲಿನ್ ತಲಪುವಷ್ಟರಲ್ಲಿ ಮಧ್ಯಾಹ್ನ ಸರಿದಿತ್ತು. ಕಾರು ಒಂದು ಹೋಟೆಲಿನ ಮುಂದೆ ನಿಂತಿತು. ನಾವು ಇಳಿದು ಓಡಿದೆವು. ಅತ್ತೆಯ ಮುಖ ಸಿಂಡರಿಸಿತ್ತು.

"ಬೇಗ ಎತ್ರೋ, ಬಾತ್‌ರೂಮಿಗೆ ಹೋಗ್ಬೇಕು. ಈ ರಸ್ತೆ ಗುಂಡಿ ಎಲ್ಲ ನನ್ನ ಸೊಂಟಕ್ಕೇ ಬಂತು."

ಮಕ್ಕಳಿಬ್ಬರೂ ಒಂದೊಂದು ಕೈ ಹಿಡಿದು ಎತ್ತಿದರು. ಪನಾಸರನ್ನು ನಾನು ಎತ್ತಿದೆ. ನನಗೆ ರೂಢಿಯಾಗಿತ್ತಲ್ಲ.

ಆಲೂಗಡ್ಡೆ ತುಂಬಿದ ಕಡುಬಿನಂಥ ಪೆರೋಗಿ, ಹುಳಿಕೆನೆ, ಹುರಿದ ಈರುಳ್ಳಿ ಬಂತು. ಅತ್ತೆ ನಕ್ಷೆ ಮೇಜಿನ ಮೇಲೆ ಹರಡಿ, ನಾವು ಬಂದಷ್ಟು ದೂರವನ್ನು ಬೆರಳಲ್ಲಿ ಅಳೆದು ನೋಡಿದರು. ಉಗುರಿನಷ್ಟೂ ಇರಲಿಲ್ಲ.

"ಇಷ್ಟೇನಾ? ಗ್ಯಾರೇಜಲ್ಲಾಗಿದ್ರೆ ಇಷ್ಟು ಹೊತ್ತಿಗೆ ಆಲ್ಬರ್ಟಾ ಸೇರಿರ್ತಿದ್ವಿ."

"ಗ್ಯಾರೇಜಲ್ಲಿ ಕ್ಲಚ್ ಒತ್ತೋ ಕೆಲಸ ಇರ್ಲಿಲ್ಲ ಪರಸ್ಕಾ," ಎಂದರು ಪನಾಸ್. "ನನ್ನ ಎಡಗಾಲು ಇನ್ನು ಒಂದು ಮೈಲಿಗೂ ಒಪ್ಪಲ್ಲ ಅಂತಿದೆ. ನನ್ನನ್ನ ಟ್ರಕ್ಕಲ್ಲಿ ಕರ್ಕೊಂಡು ಹೋಗಿ."

ಅತ್ತೆ ಪೆರೋಗಿಯನ್ನು ಹುಳಿಕೆನೆಯಲ್ಲಿ ಅದ್ದಿ ಯೋಚಿಸಿದರು. "ಸರಿ. ಸಮುದ್ರಕ್ಕೆ ರೈಲಲ್ಲಿ ಹೋಗೋಣ. ರೈಲಲ್ಲಿ ಬಾತ್‌ರೂಮ್ ಇರುತ್ತೆ." ನಂತರ ಮಕ್ಕಳ ಕಡೆ ತಿರುಗಿದರು. "ಟಿಕೆಟ್ ನೀವಿಬ್ರೂ ತೆಗೆಸಿಕೊಡಿ. ಒಂದೊಂದು. ಇಬ್ರೂ ಸೇರಿ ಒಂದು ಅಲ್ಲ."

ಇಬ್ಬರೂ ತಟ್ಟೆ ನೋಡಿಕೊಂಡು ತಲೆಯಾಡಿಸಿದರು.

ಮರಳುವಾಗ ಅಮ್ಮನನ್ನು ಕೂರಿಸಿಕೊಂಡು ಕಾರು ಓಡಿಸುವುದು ಯಾರು ಎಂದು ಜಗಳ ಶುರುವಾಗುವ ಮುಂಚೆಯೇ ಅತ್ತೆ, "ನೆಸ್ಟರ್. ಬೋಹ್ದಾನ್ ಮಾತು ಜಾಸ್ತಿ," ಎಂದು ಮುಗಿಸಿದರು. ಟ್ರಕ್ಕಿನಲ್ಲಿ ಈಗ ನಾನು, ನನ್ನ ಗಂಡ, ಪನಾಸ್. ಊರು ದಾಟಿದ ಮೇಲೆ ನನ್ನ ಗಂಡ ಗಂಭೀರವಾಗಿ ಕೇಳಿದ, "ಪನಾಸ್ ಅವರೇ, ನಮ್ಮಮ್ಮನ ವಿಷಯದಲ್ಲಿ ನಿಮ್ಮ ಯೋಚನೆ ಏನು?"

ಪನಾಸ್ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಮದ್ವೆ ಆಗೋಣ ಅಂತ ಕೇಳ್ದೆ ಕಣಪ್ಪ, ಗ್ಯಾರೇಜಿನ ಪ್ರಯಾಣದಲ್ಲಿ ಜಾಸ್ಪರ್ ಊರು ಮುಟ್ಟಿದಾಗ. ಬೆಟ್ಟ, ಹಿಮ, ಎಲ್ಲ ಚೆನ್ನಾಗಿತ್ತು. ಈ ವಯಸ್ಸಲ್ಲಿ ಇನ್ನೊಬ್ಬನ ಕಾಲ್ಚೀಲ ಒಗೆಯಲ್ಲ ಅಂದ್ಲು. ಬೇಕಾದ್ರೆ ಪಕ್ಕದಲ್ಲಿ ಕೂತ್ಕೋ ಅಂದ್ಲು. ನನಗೂ ಅಷ್ಟೇ ಸಾಕು. ಒಂದೇ ತೊಂದ್ರೆ, ಜೋರಾಗಿ ಓಡಿಸು ಓಡಿಸು ಅಂತಾಳೆ. ನನಗೆ ಭಯ."

ಅವರು ಹಾಗೆ ಹೇಳುತ್ತಿರುವಾಗಲೇ ಮುಂದಿದ್ದ ಕೆಂಪು ಕಾರು ಹೂಂಕರಿಸಿತು. ನೋಡನೋಡುತ್ತಲೇ ಬೆಂಕಿಪೊಟ್ಟಣದಷ್ಟಾಯಿತು, ಕೆಂಪು ಚುಕ್ಕೆಯಾಯಿತು, ಆಮೇಲೆ ಅದೂ ಇಲ್ಲ. ಹುಟ್ಟಿದಾಗಿನಿಂದ ಹಳದಿ ದೀಪಕ್ಕೂ ನಿಲ್ಲಿಸುವ ನನ್ನ ಭಾವ!

ಒಂದಷ್ಟು ದೂರ ಹೋದ ಮೇಲೆ ರಸ್ತೆಯಂಚಿನಲ್ಲಿ ಕೆಂಪು ನೀಲಿ ದೀಪ ಮಿನುಗುತ್ತಿರುವುದು ಕಾಣಿಸಿತು. ಪೊಲೀಸಿನ ಎಳೆಯ ಹುಡುಗಿಯೊಬ್ಬಳು ಕಾರಿನ ಪಕ್ಕ ಬಗ್ಗಿ ನಿಂತಿದ್ದಳು. ನನ್ನ ಗಂಡ ಟ್ರಕ್ಕಿನ ಕಿಟಕಿ ಇಳಿಸಿ, ಖುಷಿಯನ್ನು ಎಷ್ಟು ಅದುಮಿದರೂ ಅದುಮಲಾಗದೆ, ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದ. ನೆಸ್ಟರನ ಬೊಕ್ಕತಲೆ ಕಾರಿಗಿಂತ ಕೆಂಪಗಿತ್ತು.

"ನನ್ನ ಮಗನನ್ನ ಏನೂ ಅನ್ಬೇಡಮ್ಮ," ಎಂದು ಅತ್ತೆ ಆ ಹುಡುಗಿಗೆ ಹೇಳುತ್ತಿದ್ದರು. "ಓಡಿಸು ಅಂದಿದ್ದು ನಾನು. ಅರವತ್ತಾರು ವರ್ಷದಲ್ಲಿ ಅಮ್ಮನ ಮಾತು ಕೇಳಿದ್ದು ಇದೇ ಮೊದಲು."

ಹುಡುಗಿ ನಗು ತಡೆದುಕೊಳ್ಳಲು ತುಟಿ ಕಚ್ಚಿದಳು. "ಎಷ್ಟು ಸ್ಪೀಡಲ್ಲಿದ್ರಿ ಗೊತ್ತಾ ಅಜ್ಜಿ?"

"ಇಲ್ಲ," ಎಂದು ಅತ್ತೆ ಆಸೆಯಿಂದ ಮುಂದಕ್ಕೆ ಬಾಗಿದರು. "ಎಷ್ಟು?"